ಮೊಬೈಲ್‌ಗೆ ಟಿವಿ ಕಾಣಿಸ್ತಿಲ್ಲವೇ? ಮನೆಯ ನೆಟ್‌ವರ್ಕ್‌ನಲ್ಲಿ ಡಿವೈಸ್‌ಗಳು ಮಾತಾಡಿಕೊಳ್ಳುವ ಬಗೆ

ಮೊಬೈಲ್‌ನ ವಿಡಿಯೋವನ್ನು ಟಿವಿಯಲ್ಲಿ ಹಾಕೋಣ ಅಂತ ಕಾಸ್ಟ್ ಗುರುತು ಒತ್ತಿದರೆ ಟಿವಿಯ ಹೆಸರೇ ಬರುವುದಿಲ್ಲ. ಟಿವಿ ಆನ್ ಇದೆ. ವೈಫೈ ಚೆನ್ನಾಗಿದೆ. ಟಿವಿಯಲ್ಲಿ ಯೂಟ್ಯೂಬ್ ಕೂಡ ಓಡುತ್ತಿದೆ. ಇಂಥ ಹೊತ್ತಿನಲ್ಲಿ ಎಲ್ಲರೂ ಮಾಡುವ ಕೆಲಸ ಒಂದೇ: ರೌಟರ್ ಆಫ್ ಮಾಡಿ ಆನ್ ಮಾಡುವುದು. ಎಷ್ಟೋ ಸಲ ಅದರಿಂದ ಸರಿಹೋಗುತ್ತದೆ ಕೂಡ. ಆದರೆ ಯಾಕೆ ಕೆಟ್ಟಿತ್ತು, ಯಾಕೆ ಸರಿಹೋಯಿತು ಅಂತ ಗೊತ್ತಿಲ್ಲದಿದ್ದರೆ ಅದೇ ತಾಪತ್ರಯ ಮತ್ತೆ ವಕ್ಕರಿಸುತ್ತದೆ.

ಈ ತೊಂದರೆಗೂ ಇಂಟರ್ನೆಟ್ ವೇಗಕ್ಕೂ ಹೆಚ್ಚಿನ ಸಲ ಸಂಬಂಧವೇ ಇರುವುದಿಲ್ಲ. ಮನೆಯೊಳಗಿನ ಡಿವೈಸ್‌ಗಳು ತಮ್ಮ ತಮ್ಮಲ್ಲಿ ನಡೆಸುವ ಮಾತುಕತೆ ಬೇರೆ, ಹೊರಗಿನ ಇಂಟರ್ನೆಟ್ ಜೊತೆ ನಡೆಸುವುದು ಬೇರೆ. ಮನೆಯೊಳಗಿನ ಮಾತುಕತೆಯಲ್ಲಿ ಮೂರು ಕೆಲಸ ಇವೆ. ಮೊದಲನೆಯದು ಹುಡುಕುವುದು: ನೆಟ್‌ವರ್ಕ್‌ನಲ್ಲಿ ಯಾವ ಟಿವಿ ಇದೆ, ಯಾವ ಸ್ಪೀಕರ್ ಇದೆ ಅಂತ ಪತ್ತೆ ಹಚ್ಚುವುದು. ಎರಡನೆಯದು ಹೇಳುವುದು: ಇದನ್ನು ಹಾಕು, ನಿಲ್ಲಿಸು, ಸೌಂಡ್ ಕಡಿಮೆ ಮಾಡು. ಮೂರನೆಯದು ಸಾಗಿಸುವುದು: ವಿಡಿಯೋ, ಹಾಡು ನಿಜವಾಗಿ ಹರಿಯುವುದು. ಮೂರೂ ಬೇರೆ ಬೇರೆ ದಾರಿ ಹಿಡಿಯುತ್ತವೆ. ಒಂದು ಕೆಟ್ಟಾಗ ಉಳಿದೆರಡು ನೆಟ್ಟಗೇ ಇರಬಹುದು. ಆದ್ದರಿಂದ ಯಾವುದು ಕೆಟ್ಟಿದೆ ಅಂತ ಗುರುತಿಸಿದರೆ ಎಲ್ಲಿ ಕೈ ಹಾಕಬೇಕು ಅನ್ನುವುದು ತಾನಾಗಿ ಗೊತ್ತಾಗುತ್ತದೆ.

ಹೆಜ್ಜೆ 1: ಲಕ್ಷಣ ನೋಡಿ

ಪಟ್ಟಿಯಲ್ಲಿ ಟಿವಿಯ ಹೆಸರೇ ಬರದಿದ್ದರೆ ಅದು ಹುಡುಕಾಟದ ತೊಂದರೆ. 2, 3, 4ನೇ ಹೆಜ್ಜೆಗಳನ್ನು ನೋಡಿ. ಹೆಸರು ಬರುತ್ತದೆ, ಒತ್ತಿದರೆ ಸುಮ್ನೆ ಸುತ್ತುತ್ತಾ ಕೂತು ಕೊನೆಗೆ ‘ಕನೆಕ್ಟ್ ಆಗಲಿಲ್ಲ’ ಅನ್ನುತ್ತದೆ ಅಂದರೆ ಹೇಳುವ ಕೆಲಸ ಕೆಟ್ಟಿದೆ. ಕನೆಕ್ಟ್ ಆಗಿ, ಶುರುವಾಗಿ, ಆಮೇಲೆ ತಡವರಿಸಿದರೆ ಸಾಗಣೆಯ ತೊಂದರೆ. ಎಲ್ಲ ಸರಿ ಇದ್ದು ‘ಈ ಫೈಲ್ ನಡೆಯುವುದಿಲ್ಲ’ ಅಂತ ಬಂದರೆ, ಅಥವಾ ಚಿತ್ರ ಬಂದು ಧ್ವನಿ ಬರದಿದ್ದರೆ ಅದು ನೆಟ್‌ವರ್ಕಿನ ತಪ್ಪೇ ಅಲ್ಲ, ಫೈಲಿನದು. ಅದಕ್ಕೆ ನೇರವಾಗಿ 7ನೇ ಹೆಜ್ಜೆಗೆ ಹೋಗಿ.

ಹೆಜ್ಜೆ 2: ಎಲ್ಲವೂ ಒಂದೇ ನೆಟ್‌ವರ್ಕ್‌ನಲ್ಲಿ ಇವೆಯಾ?

‘ಎರಡೂ ಒಂದೇ ವೈಫೈಗೆ ಸೇರಿವೆ’ ಅಂತ ಎಲ್ಲರೂ ಹೇಳುತ್ತಾರೆ. ವೈಫೈ ಹೆಸರು ನೋಡಿ ಹೇಳಿದರೆ ಸಾಲದು, ಐಪಿ ವಿಳಾಸ, ಅಂದರೆ ನೆಟ್‌ವರ್ಕ್‌ನಲ್ಲಿ ಪ್ರತಿ ಡಿವೈಸ್‌ಗೂ ಇರುವ ನಂಬರ್ ನೋಡಬೇಕು. ಮೊಬೈಲ್‌ನಲ್ಲಿ ವೈಫೈ ಸೆಟ್ಟಿಂಗ್ಸ್‌ಗೆ ಹೋಗಿ ಸೇರಿರುವ ನೆಟ್‌ವರ್ಕ್‌ನ ಹೆಸರು ಒತ್ತಿದರೆ ವಿವರ ತೆರೆಯುತ್ತದೆ. ಟಿವಿಯಲ್ಲಿ ನೆಟ್‌ವರ್ಕ್ ಸೆಟ್ಟಿಂಗ್ಸ್‌ನಲ್ಲಿ ‘ಸ್ಟೇಟಸ್’ ಅಂತ ಇರುತ್ತದೆ. ಎರಡೂ ವಿಳಾಸಗಳನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ.

ಈ ವಿಳಾಸದಲ್ಲಿ ಚುಕ್ಕಿ ಇಟ್ಟು ಬರೆದ ನಾಲ್ಕು ಸಂಖ್ಯೆಗಳಿರುತ್ತವೆ. ಮನೆಯ ನೆಟ್‌ವರ್ಕ್‌ಗಳಲ್ಲಿ ಸಾಮಾನ್ಯವಾಗಿ ಅವುಗಳಲ್ಲಿ ಮೊದಲ ಮೂರು ಒಂದೇ ಆಗಿರಬೇಕು. ಮೊಬೈಲ್ 192.168.1.14 ಇದ್ದು ಟಿವಿ 192.168.1.23 ಇದ್ದರೆ ಸರಿ. ಟಿವಿ 192.168.0.23 ಅಂತಿದ್ದರೆ ಅದು ಬೇರೆಯೇ ನೆಟ್‌ವರ್ಕ್. ಒಂದು ವೇಳೆ 169.254 ಇಂದ ಶುರುವಾಗುವ ವಿಳಾಸ ಕಂಡರೆ ಆ ಡಿವೈಸ್‌ಗೆ ರೌಟರ್ ವಿಳಾಸವನ್ನೇ ಕೊಟ್ಟಿಲ್ಲ ಅಂತ ಅರ್ಥ. ಅದು ತನಗೆ ತಾನೇ ಒಂದು ನಂಬರ್ ಹಾಕಿಕೊಂಡು ಕೂತಿದೆ.

ಅಂಕಿಗಳು ಬೇರೆ ಬಂದರೆ ಕಾರಣ ಹೆಚ್ಚಾಗಿ ಇವುಗಳಲ್ಲಿ ಒಂದು. ಮನೆಯಲ್ಲಿ ಎರಡು ರೌಟರ್ ಇರುವುದು ಎಲ್ಲಕ್ಕಿಂತ ಜಾಸ್ತಿ ಕಾಣುವ ಕಾರಣ. ಇಂಟರ್ನೆಟ್ ಕೊಡುವವರು ಹಾಕಿದ್ದು ಒಂದು, ಸಿಗ್ನಲ್ ಸಾಲದು ಅಂತ ನೀವು ತಂದದ್ದು ಇನ್ನೊಂದು. ಎರಡನೆಯದರ ‘ವ್ಯಾನ್’ ಪೋರ್ಟ್‌ಗೆ (ಇಂಟರ್ನೆಟ್ ಕೇಬಲ್‌ಗೆ ಅಂತ ಇರುವ ಕಿಂಡಿ) ಕೇಬಲ್ ಸಿಕ್ಕಿಸಿದ್ದರೆ ಅದು ತನ್ನದೇ ಬೇರೆ ನೆಟ್‌ವರ್ಕ್ ಕಟ್ಟಿಕೊಳ್ಳುತ್ತದೆ. ಇಂಟರ್ನೆಟ್ ಎರಡರಲ್ಲೂ ಬರುವುದರಿಂದ ತೊಂದರೆ ಇದೆ ಅಂತ ಯಾರಿಗೂ ಅನಿಸುವುದೇ ಇಲ್ಲ. ಪರಿಹಾರ ಸುಲಭ: ಎರಡನೇ ರೌಟರ್‌ನ ಸೆಟ್ಟಿಂಗ್ಸ್‌ನಲ್ಲಿ ‘ಆಕ್ಸೆಸ್ ಪಾಯಿಂಟ್ ಮೋಡ್’ ಅಥವಾ ‘ಬ್ರಿಡ್ಜ್ ಮೋಡ್’ ಆರಿಸಿ. ಆ ಆಯ್ಕೆ ಇಲ್ಲದ ಹಳೆಯ ರೌಟರ್ ಆದರೆ ಅದರ ವಿಳಾಸವನ್ನು ಮೊದಲ ರೌಟರ್‌ನ ಸಾಲಿಗೆ ಸೇರುವಂತೆ, ಆದರೆ ಬೇರೆ ಯಾರಿಗೂ ಕೊಟ್ಟಿರದ ಒಂದು ನಂಬರಿಗೆ ಬದಲಾಯಿಸಿ. ಡಿವೈಸ್‌ಗಳಿಗೆ ವಿಳಾಸ ಹಂಚುವ ‘ಡಿಎಚ್‌ಸಿಪಿ’ ಆಫ್ ಮಾಡಿ. ಕೇಬಲನ್ನು ‘ವ್ಯಾನ್’ ಬದಲು ‘ಲ್ಯಾನ್’ ಪೋರ್ಟ್‌ಗೆ (ಮನೆಯೊಳಗಿನ ಡಿವೈಸ್‌ಗಳ ಕಿಂಡಿ) ಹಾಕಿ. ಮನೆಯ ತುಂಬ ಹಲವು ಪೆಟ್ಟಿಗೆ ಇಟ್ಟು ಸಿಗ್ನಲ್ ಹರಡುವ ಮೆಶ್ ವೈಫೈ ತಂದವರಿಗೂ ಇದೇ ಮಾತು.

ಇನ್ನೊಂದು ಗೆಸ್ಟ್ ನೆಟ್‌ವರ್ಕ್. ಬಂದವರಿಗೆ ಅಂತ ಮಾಡಿಟ್ಟ ವೈಫೈಗೆ ಟಿವಿ ಅಥವಾ ಮೊಬೈಲ್ ಸೇರಿಕೊಂಡಿದ್ದರೆ ಒಂದಕ್ಕೊಂದು ಕಾಣಿಸುವುದಿಲ್ಲ. ಕಾಣಿಸಬಾರದು ಅಂತಲೇ ಅದನ್ನು ಮಾಡಿರುವುದು. ಮಾಮೂಲಿ ವೈಫೈನಲ್ಲೂ ‘ಎಪಿ ಐಸೊಲೇಶನ್’ ಅಥವಾ ‘ಕ್ಲೈಂಟ್ ಐಸೊಲೇಶನ್’ ಅನ್ನುವ ಆಯ್ಕೆ ಆನ್ ಆಗಿದ್ದರೆ ಕಥೆ ಇಷ್ಟೇ. ವಿಳಾಸದ ಅಂಕಿಗಳು ಹೊಂದುತ್ತವೆ, ಆದರೂ ಡಿವೈಸ್‌ಗಳು ಪರಸ್ಪರ ಮಾತಾಡಲಾರವು. ಹಾಸ್ಟೆಲ್, ಹೋಟೆಲ್ ವೈಫೈಗಳಲ್ಲಿ ಕಾಸ್ಟ್ ಕೆಲಸ ಮಾಡದಿರಲು ಬಹುತೇಕ ಇದೇ ಕಾರಣ.

ಮೊಬೈಲ್‌ನಲ್ಲಿ ವಿಪಿಎನ್ (ಮೊಬೈಲ್‌ನ ಸಂಪರ್ಕವನ್ನು ದೂರದ ಇನ್ನೊಂದು ಕಂಪ್ಯೂಟರ್ ಮೂಲಕ ಗುಪ್ತವಾಗಿ ಸಾಗಿಸುವ ದಾರಿ) ಆನ್ ಇದ್ದರೂ ಹೀಗೇ ಆಗಬಹುದು. ವಿಪಿಎನ್ ಆಪ್ ಮನೆಯೊಳಗಿನ ಮಾತನ್ನೂ ಹೊರಗೆಳೆದುಕೊಂಡು ಹೋಗುತ್ತದೆ. ಪರೀಕ್ಷೆ ಮಾಡುವಾಗ ಮೊದಲು ಅದನ್ನು ಆಫ್ ಮಾಡಿ. ಆಫ್ ಮಾಡಿದಾಗ ಟಿವಿ ಕಂಡರೆ ವಿಪಿಎನ್ ಆಪ್‌ನಲ್ಲಿ ‘ಲೋಕಲ್ ನೆಟ್‌ವರ್ಕ್‌ಗೆ ಅನುಮತಿ’ ಎಂಬ ಆಯ್ಕೆ ಹುಡುಕಿ.

ಹಾಗೆಯೇ ಒಂದು ತಪ್ಪು ತಿಳಿವಳಿಕೆ: ಟಿವಿ 2.4 ಗಿಗಾಹರ್ಟ್ಸ್ ವೈಫೈಗೆ ಸೇರಿದೆ, ಮೊಬೈಲ್ 5 ಗಿಗಾಹರ್ಟ್ಸ್‌ಗೆ, ಆದ್ದರಿಂದ ಕಾಣಿಸುತ್ತಿಲ್ಲ ಅಂತ ಹೇಳುವವರಿದ್ದಾರೆ. ಒಂದೇ ರೌಟರ್‌ನ ಎರಡು ಬ್ಯಾಂಡ್‌ಗಳು ಸಾಮಾನ್ಯವಾಗಿ ಒಂದೇ ನೆಟ್‌ವರ್ಕ್. ಹೆಸರು ಬೇರೆ ಇದ್ದರೂ ಐಪಿ ಸಾಲು ಒಂದೇ ಇದ್ದರೆ ಕಾಣಿಸಬೇಕು. ಕಾಣಿಸದಿದ್ದರೆ ರೌಟರ್ ಎರಡು ಬ್ಯಾಂಡ್‌ಗಳ ನಡುವೆ ಹುಡುಕಾಟದ ಸಂದೇಶಗಳನ್ನು ದಾಟಿಸುತ್ತಿಲ್ಲ ಅಂತ. ಅದೇ ಮುಂದಿನ ವಿಷಯ.

ಹೆಜ್ಜೆ 3: ಹುಡುಕಾಟ ಹೇಗೆ ನಡೆಯುತ್ತದೆ ಅಂತ ತಿಳಿಯಿರಿ

ಇಲ್ಲಿ ಸ್ವಲ್ಪ ನಿಧಾನ ಮಾಡೋಣ. ಮನೆಯ ಸ್ಟ್ರೀಮಿಂಗ್ ತಾಪತ್ರಯಗಳಲ್ಲಿ ಮುಕ್ಕಾಲು ಪಾಲು ಇಲ್ಲೇ ಹುಟ್ಟುತ್ತವೆ ಅನ್ನುವುದು ನನ್ನ ಅನಿಸಿಕೆ.

ನಿಮ್ಮ ಮೊಬೈಲ್‌ಗೆ ಟಿವಿಯ ವಿಳಾಸ ಮೊದಲೇ ಗೊತ್ತಿರುವುದಿಲ್ಲ. ರೌಟರ್ ಹತ್ತಿರ ಕೇಳುವುದೂ ಇಲ್ಲ. ಅದು ಮಾಡುವುದು, ತುಂಬಿದ ಹಾಲ್‌ನಲ್ಲಿ ನಿಂತು ‘ಇಲ್ಲಿ ವಿಡಿಯೋ ತೋರಿಸುವವರು ಯಾರಿದ್ದೀರಿ?’ ಅಂತ ಕೂಗಿದ ಹಾಗೆ. ಇದಕ್ಕೆ ಮಲ್ಟಿಕಾಸ್ಟ್ ಅನ್ನುತ್ತಾರೆ. ಒಬ್ಬರಿಗೆ ಕಳಿಸುವ ಸಂದೇಶ ಅಲ್ಲ, ಒಂದು ಗುಂಪಿನ ವಿಳಾಸಕ್ಕೆ ಕಳಿಸುವ ಸಂದೇಶ. ಆ ಗುಂಪಿನಲ್ಲಿ ಕಿವಿಗೊಟ್ಟು ಕೂತಿರುವ ಡಿವೈಸ್‌ಗಳಿಗೆಲ್ಲ ಅದು ಮುಟ್ಟುತ್ತದೆ.

ಹೀಗೆ ಕೂಗುವ ಪದ್ಧತಿ ಎರಡು ಬಗೆಯದು ಬಳಕೆಯಲ್ಲಿದೆ. ಒಂದು ಎಸ್‌ಎಸ್‌ಡಿಪಿ. ಡಿಎಲ್‌ಎನ್‌ಎ (ಮನೆಯೊಳಗೇ ಇಟ್ಟ ಸಿನಿಮಾ, ಹಾಡುಗಳನ್ನು ಟಿವಿಗೆ ತರುವ ವಿಧಾನ) ಇರುವ ಟಿವಿಗಳು, ಆ ಫೈಲ್‌ಗಳನ್ನು ಇಟ್ಟುಕೊಂಡು ಹಂಚುವ ಮೀಡಿಯಾ ಸರ್ವರ್‌ಗಳು ಬಳಸುವುದು ಇದನ್ನೇ. ಗುಂಪಿನ ವಿಳಾಸ 239.255.255.250, ಪೋರ್ಟ್ 1900 (ಇಲ್ಲಿ ಪೋರ್ಟ್ ಅಂದರೆ ಕೇಬಲ್ ಕಿಂಡಿ ಅಲ್ಲ, ಸಂದೇಶ ಒಳಬರುವ ಬಾಗಿಲಿನ ನಂಬರ್). ಇನ್ನೊಂದು ಎಂಡಿಎನ್‌ಎಸ್. ಆಪಲ್‌ನ ಏರ್‌ಪ್ಲೇ, ಗೂಗಲ್ ಕಾಸ್ಟ್, ಹಾಡಿನ ಆಪ್ ಸ್ಪಾಟಿಫೈಯ ‘ಕನೆಕ್ಟ್’ ಇದನ್ನು ನೆಚ್ಚಿಕೊಂಡಿವೆ. ಗುಂಪಿನ ವಿಳಾಸ 224.0.0.251, ಪೋರ್ಟ್ 5353. ಕಾಸ್ಟ್ ಡಿವೈಸ್ 2013ರಲ್ಲಿ ಬಂದ ಹೊಸತರಲ್ಲಿ ಎಸ್‌ಎಸ್‌ಡಿಪಿ ಮೇಲೆ ನಿಂತ ‘ಡಯಲ್’ ಅನ್ನುವ ವಿಧಾನ ಬಳಸುತ್ತಿತ್ತು, ಆಮೇಲೆ ಎಂಡಿಎನ್‌ಎಸ್ ಕಡೆಗೆ ಬಂತು.

ಎಸ್‌ಎಸ್‌ಡಿಪಿಯ ಒಂದು ಸುತ್ತನ್ನು ಹತ್ತಿರದಿಂದ ನೋಡಿ. ಮೊಬೈಲ್ ‘ಎಂ-ಸರ್ಚ್’ ಅನ್ನುವ ಸಂದೇಶ ಕಳಿಸುತ್ತದೆ. ಅದರಲ್ಲಿ ‘ಇಷ್ಟು ಸೆಕೆಂಡಿನೊಳಗೆ ಉತ್ತರ ಕೊಡಿ’ ಅಂತ ಒಂದು ಗಡುವೂ ಇರುತ್ತದೆ. ಉತ್ತರ ಕೊಡುವ ಡಿವೈಸ್‌ಗಳು ಆ ಗಡುವಿನೊಳಗೆ ಮನಸ್ಸಿಗೆ ಬಂದಷ್ಟು ಹೊತ್ತು ಕಾದು ಉತ್ತರಿಸುತ್ತವೆ. ಎಲ್ಲರೂ ಒಟ್ಟಿಗೇ ಮಾತಾಡಿ ಗಲಾಟೆ ಆಗದಿರಲಿ ಅಂತ ಈ ಏರ್ಪಾಡು. ಪಟ್ಟಿ ಒಂದೊಂದೇ ಹೆಸರಾಗಿ ತುಂಬುವುದು ಇದಕ್ಕೇ. ಆದ್ದರಿಂದ ಪಟ್ಟಿ ತೆರೆದ ಕೂಡಲೇ ‘ಇಲ್ಲ’ ಅಂತ ಮುಚ್ಚಬೇಡಿ. ಐದಾರು ಸೆಕೆಂಡ್ ಬಿಡಿ. ಉತ್ತರದಲ್ಲಿ ಟಿವಿ ತನ್ನ ವಿವರ ಎಲ್ಲಿ ಸಿಗುತ್ತದೆ ಅಂತ ಒಂದು ವೆಬ್ ವಿಳಾಸ ಕೊಡುತ್ತದೆ. ಮೊಬೈಲ್ ಅಲ್ಲಿಗೆ ಹೋಗಿ ಟಿವಿಯ ಹೆಸರು, ಮಾಡೆಲ್, ಅದಕ್ಕೆ ಏನೇನು ಬರುತ್ತದೆ ಅನ್ನುವ ಪಟ್ಟಿ ತೆಗೆದುಕೊಳ್ಳುತ್ತದೆ. ಆಮೇಲಷ್ಟೇ ನಿಮಗೆ ಹೆಸರು ಕಾಣಿಸುವುದು.

ಡಿವೈಸ್‌ಗಳು ಕೇಳಿದಾಗ ಮಾತ್ರವಲ್ಲ, ತಾವಾಗಿಯೂ ಆಗಾಗ ‘ನಾನಿದ್ದೇನೆ’ ಅಂತ ಸಾರುತ್ತವೆ. ಹೋಗುವಾಗ ‘ಹೋಗಿ ಬರ್ತೀನಿ’ ಅಂತಲೂ ಹೇಳುತ್ತವೆ. ‘ನಾನಿದ್ದೇನೆ’ ಅನ್ನುವ ಮಾತಿಗೆ ಒಂದು ವಾಯಿದೆ ಇರುತ್ತದೆ. ಎಸ್‌ಎಸ್‌ಡಿಪಿಯನ್ನು ಒಳಗೊಂಡ ‘ಯುಪಿಎನ್‌ಪಿ’ ಅನ್ನುವ ನಿಯಮಾವಳಿಯ ಸಲಹೆ ಕನಿಷ್ಠ 1800 ಸೆಕೆಂಡ್, ಅಂದರೆ ಅರ್ಧ ಗಂಟೆ. ನೀವು ಟಿವಿಯ ಪ್ಲಗ್ ಸರಕ್ಕಂತ ಕಿತ್ತರೆ ಅದಕ್ಕೆ ವಿದಾಯ ಹೇಳಲು ಆಗುವುದಿಲ್ಲ. ಆಗ ಇಲ್ಲದ ಟಿವಿ ಅರ್ಧ ಗಂಟೆಯವರೆಗೂ ಪಟ್ಟಿಯಲ್ಲಿ ಕೂತಿರಬಹುದು. ಒತ್ತಿದರೆ ಕನೆಕ್ಟ್ ಆಗುವುದಿಲ್ಲ. ದೆವ್ವ ಏನಲ್ಲ, ಬರೀ ಹಳೆಯ ನೆನಪು. ಆಪ್ ಮುಚ್ಚಿ ಮತ್ತೆ ತೆರೆದರೆ ಹೆಚ್ಚಾಗಿ ಹೋಗುತ್ತದೆ.

ಈಗ ತೊಂದರೆಯ ಬೇರು. ಎಂಡಿಎನ್‌ಎಸ್ ಸಂದೇಶ ರೌಟರ್ ದಾಟಿ ಇನ್ನೊಂದು ನೆಟ್‌ವರ್ಕ್‌ಗೆ ಹೋಗುವುದೇ ಇಲ್ಲ. ಎಸ್‌ಎಸ್‌ಡಿಪಿಯೂ ಮನೆಯ ರೌಟರ್‌ಗಳಲ್ಲಿ ದಾಟುವುದಿಲ್ಲ. ಎರಡು ರೌಟರ್ ಇದ್ದಾಗ ಟಿವಿ ಕಾಣದಿರುವುದು ಇದರಿಂದಲೇ. ಒಂದೇ ನೆಟ್‌ವರ್ಕ್‌ನಲ್ಲಿದ್ದರೂ ವೈಫೈನಲ್ಲಿ ಮಲ್ಟಿಕಾಸ್ಟ್ ಸೊರಗುತ್ತದೆ. ಮಾಮೂಲಿ ಸಂದೇಶ ಕಳಿಸಿದಾಗ ‘ಮುಟ್ಟಿತು’ ಅಂತ ವಾಪಸ್ ಉತ್ತರ ಬರುತ್ತದೆ, ಬರದಿದ್ದರೆ ಮತ್ತೆ ಕಳಿಸುತ್ತಾರೆ. ರೌಟರ್ ಎಲ್ಲರಿಗೂ ಅಂತ ಗಾಳಿಯಲ್ಲಿ ಬಿಡುವ ಮಲ್ಟಿಕಾಸ್ಟ್‌ಗೆ ಆ ವ್ಯವಸ್ಥೆ ಇಲ್ಲ. ಕಳೆದುಹೋದರೆ ಹೋಯಿತು. ಮೇಲಾಗಿ ಅದನ್ನು ತೀರಾ ನಿಧಾನದ ವೇಗದಲ್ಲಿ ಕಳಿಸುತ್ತಾರೆ. ಬ್ಯಾಟರಿ ಉಳಿಸಲು ಎಷ್ಟೋ ಆಂಡ್ರಾಯ್ಡ್ ಮೊಬೈಲ್‌ಗಳು, ಆಪ್ ಬೇಕೆಂದು ಕೇಳುವವರೆಗೆ, ಇಂಥ ಸಂದೇಶಗಳನ್ನು ಕಿವಿಗೇ ಹಾಕಿಕೊಳ್ಳುವುದಿಲ್ಲ.

ಇಷ್ಟು ಗೊತ್ತಿದ್ದರೆ ರೌಟರ್‌ನಲ್ಲಿ ಏನು ಹುಡುಕಬೇಕು ಅನ್ನುವುದು ಸ್ಪಷ್ಟ. ‘ಐಜಿಎಂಪಿ ಸ್ನೂಪಿಂಗ್’ ಅಂತ ಒಂದು ಸೆಟ್ಟಿಂಗ್ ಇರುತ್ತದೆ. ಯಾವ ಗುಂಪಿಗೆ ಯಾರು ಕಿವಿಗೊಟ್ಟಿದ್ದಾರೆ ಅಂತ ರೌಟರ್ ಅಥವಾ ಸ್ವಿಚ್ (ನೆಟ್‌ವರ್ಕ್ ಕೇಬಲ್‌ಗಳನ್ನು ಕೂಡಿಸುವ ಪೆಟ್ಟಿಗೆ) ಲೆಕ್ಕ ಇಟ್ಟುಕೊಂಡು ಅವರಿಗೆ ಮಾತ್ರ ಸಂದೇಶ ಕಳಿಸುವ ಏರ್ಪಾಡು ಅದು. ಒಳ್ಳೆಯದೇ. ಆದರೆ ಲೆಕ್ಕವನ್ನು ಆಗಾಗ ಹೊಸದು ಮಾಡಲು ‘ಯಾರಿದ್ದೀರಿ’ ಅಂತ ಕೇಳುವ ಒಂದು ಡಿವೈಸ್ ನೆಟ್‌ವರ್ಕ್‌ನಲ್ಲಿ ಇರಬೇಕು. ಇಲ್ಲದಿದ್ದರೆ ಕೆಲವು ನಿಮಿಷಕ್ಕೆ ಟಿವಿಯ ಹೆಸರು ಲೆಕ್ಕದಿಂದ ಬಿದ್ದುಹೋಗುತ್ತದೆ. ‘ರೀಸ್ಟಾರ್ಟ್ ಮಾಡಿದ ಮೇಲೆ ಸ್ವಲ್ಪ ಹೊತ್ತು ಕಾಣುತ್ತದೆ, ಆಮೇಲೆ ಮಾಯ’ ಅನ್ನುವ ದೂರು ಇದೆಯಲ್ಲ, ಅದರ ಹಿಂದೆ ಈ ಸೆಟ್ಟಿಂಗ್ ಇರುವುದು ಜಾಸ್ತಿ. ಅದನ್ನು ಆಫ್ ಇದ್ದರೆ ಆನ್, ಆನ್ ಇದ್ದರೆ ಆಫ್ ಮಾಡಿ ಒಂದು ದಿನ ನೋಡಿ.

ಇಲ್ಲೊಂದು ಸುಳಿವೂ ಇದೆ. 224.0.0 ಸಾಲಿನ ಸಂದೇಶಗಳನ್ನು ಸ್ವಿಚ್‌ಗಳು ಸಾಮಾನ್ಯವಾಗಿ ಲೆಕ್ಕ ನೋಡದೆ ಎಲ್ಲರಿಗೂ ದಾಟಿಸುತ್ತವೆ. ಹಾಗಾಗಿ ಕಾಸ್ಟ್ ಅಥವಾ ಏರ್‌ಪ್ಲೇ ಕಾಣುತ್ತಿದ್ದು ಡಿಎಲ್‌ಎನ್‌ಎ ಸರ್ವರ್ ಮಾತ್ರ ಮಾಯವಾಗುತ್ತಿದ್ದರೆ ಸ್ನೂಪಿಂಗ್ ಮೇಲೆ ಅನುಮಾನ ಪಡಿ. ಎರಡೂ ಕಾಣದಿದ್ದರೆ ಐಸೊಲೇಶನ್ ಅಥವಾ ಬೇರೆ ನೆಟ್‌ವರ್ಕ್.

ಹೆಜ್ಜೆ 4: ಅನುಮತಿ ಕೊಟ್ಟಿದ್ದೀರಾ?

ನೆಟ್‌ವರ್ಕ್ ಎಲ್ಲ ಸರಿ ಇದ್ದೂ ಆಪ್‌ಗೆ ಟಿವಿ ಕಾಣದಿದ್ದರೆ ಇದನ್ನು ನೋಡಿ. ಐಫೋನ್‌ನಲ್ಲಿ 2020ರ ಐಓಎಸ್ 14ರಿಂದ ಪ್ರತಿ ಆಪ್ ‘ಲೋಕಲ್ ನೆಟ್‌ವರ್ಕ್’ ಬಳಸಲು ನಿಮ್ಮನ್ನು ಕೇಳಬೇಕು. ಆ ಪ್ರಶ್ನೆ ಬಂದಾಗ ಅರ್ಥ ಆಗದೆ ‘ಬೇಡ’ ಒತ್ತಿದವರು ಎಷ್ಟೋ ಜನ. ಸೆಟ್ಟಿಂಗ್ಸ್‌ನ ಪ್ರೈವಸಿ ಭಾಗದಲ್ಲಿ ಲೋಕಲ್ ನೆಟ್‌ವರ್ಕ್ ತೆರೆದು ಆ ಆಪ್ ಮುಂದಿನ ಗುಂಡಿ ಆನ್ ಮಾಡಿ. ಆಂಡ್ರಾಯ್ಡ್‌ನ ಹೊಸ ಆವೃತ್ತಿಗಳಲ್ಲಿ ಕೆಲವು ಆಪ್‌ಗಳು ‘ಹತ್ತಿರದ ಡಿವೈಸ್‌ಗಳು’ ಅನ್ನುವ ಅನುಮತಿ ಕೇಳುತ್ತವೆ.

ವಿಂಡೋಸ್ ಕಂಪ್ಯೂಟರ್ ಆದರೆ ನೆಟ್‌ವರ್ಕ್ ‘ಪಬ್ಲಿಕ್’ ಅಂತ ಇದೆಯಾ, ‘ಪ್ರೈವೇಟ್’ ಅಂತ ಇದೆಯಾ ನೋಡಿ. ಪಬ್ಲಿಕ್ ಆದರೆ ಫೈರ್‌ವಾಲ್ ಬಿಗಿಯಾಗಿರುತ್ತದೆ, ಹುಡುಕಾಟಕ್ಕೆ ಬಾಗಿಲು ತೆಗೆಯುವುದಿಲ್ಲ. ಮನೆಯ ವೈಫೈ ಮಾತ್ರ ಪ್ರೈವೇಟ್ ಮಾಡಿ. ಹೊರಗಿನ ವೈಫೈಗಳು ಪಬ್ಲಿಕ್ ಆಗಿಯೇ ಇರಲಿ.

ಹೆಜ್ಜೆ 5: ಯಾರು ಯಾರಿಗೆ ಏನು ಹೇಳುತ್ತಾರೆ

ಹೆಸರು ಸಿಕ್ಕಿತು, ಒತ್ತಿದಿರಿ. ಮುಂದೆ ಏನಾಗುತ್ತದೆ ಅನ್ನುವುದು ನೀವು ಬಳಸುವ ವಿಧಾನದ ಮೇಲೆ ನಿಂತಿದೆ. ಇದು ಗೊತ್ತಿಲ್ಲದೆ ಜನ ಮೊಬೈಲ್‌ನ ಬ್ಯಾಟರಿಯನ್ನೂ ವೈಫೈಯನ್ನೂ ಸುಮ್ಸುಮ್ನೆ ಸುಡುತ್ತಾರೆ.

ಗೂಗಲ್ ಕಾಸ್ಟ್‌ನಲ್ಲಿ ಮೊಬೈಲ್ ವಿಡಿಯೋ ಕಳಿಸುವುದೇ ಇಲ್ಲ. ಟಿವಿಯ ಪೋರ್ಟ್ 8009ಕ್ಕೆ ಗುಪ್ತಲಿಪಿಯ ಸಂಪರ್ಕ ಮಾಡಿ ‘ಇಂಥ ಆಪ್ ತೆರೆ, ಇಂಥ ವಿಡಿಯೋ ಹಾಕು’ ಅಂತ ಹೇಳುತ್ತದೆ ಅಷ್ಟೇ. ಟಿವಿ ತಾನೇ ಇಂಟರ್ನೆಟ್‌ನಿಂದ ವಿಡಿಯೋ ಎಳೆದುಕೊಳ್ಳುತ್ತದೆ. ಮೊಬೈಲ್ ಬರೀ ರಿಮೋಟ್. ನೀವು ಫೋನ್‌ನಲ್ಲಿ ಮಾತಾಡಬಹುದು, ಮನೆಯಿಂದ ಹೊರಗೆ ಹೋಗಲೂಬಹುದು, ವಿಡಿಯೋ ಓಡುತ್ತಲೇ ಇರುತ್ತದೆ. ಸ್ಪಾಟಿಫೈ ಕನೆಕ್ಟ್ ಕೂಡ ಹೀಗೆಯೇ. ಇದರ ಇನ್ನೊಂದು ಮುಖ: ಟಿವಿಗೆ ಇಂಟರ್ನೆಟ್ ಇಲ್ಲದಿದ್ದರೆ ಮೊಬೈಲ್‌ಗೆ ಇದ್ದೂ ಪ್ರಯೋಜನವಿಲ್ಲ.

ಕಾಸ್ಟ್‌ನಲ್ಲಿ ಮೊಬೈಲ್ ಮೊದಲು ಟಿವಿಯ ಡಿಜಿಟಲ್ ಸರ್ಟಿಫಿಕೇಟ್ ನೋಡಿ ಇದು ಅಸಲಿ ಡಿವೈಸಾ ಅಂತ ಖಾತ್ರಿ ಮಾಡಿಕೊಳ್ಳುತ್ತದೆ. 2025ರ ಮಾರ್ಚ್‌ನಲ್ಲಿ ಎರಡನೇ ತಲೆಮಾರಿನ ಕ್ರೋಮ್‌ಕಾಸ್ಟ್‌ಗಳು (ಟಿವಿಗೆ ಸಿಕ್ಕಿಸುವ ಗೂಗಲ್‌ನ ಕಾಸ್ಟ್ ಡಿವೈಸ್) ಜಗತ್ತಿನಾದ್ಯಂತ ಒಮ್ಮೆಲೇ ಕೈಕೊಟ್ಟದ್ದು ಅಂಥ ಒಂದು ಸರ್ಟಿಫಿಕೇಟ್‌ನ ಅವಧಿ ಮುಗಿದದ್ದರಿಂದ. ಹುಡುಕಾಟ ಸರಿ ಇತ್ತು, ವೈಫೈ ಸರಿ ಇತ್ತು, ‘ನಂಬಲಾಗದ ಡಿವೈಸ್’ ಅಂತ ಮೊಬೈಲ್‌ಗಳು ತಿರಸ್ಕರಿಸಿದವು. ಕಂಪನಿಯೇ ಅಪ್‌ಡೇಟ್ ಕಳಿಸಬೇಕಾಯಿತು. ಅಂಥ ಹೊತ್ತಿನಲ್ಲಿ ಡಿವೈಸನ್ನು ಫ್ಯಾಕ್ಟರಿ ರೀಸೆಟ್ ಮಾಡುವುದು ಮೈಮೇಲೆ ಕೆಲಸ ಎಳೆದುಕೊಂಡಂತೆ. ಮತ್ತೆ ಸೆಟ್ ಮಾಡಲೂ ಅದೇ ಖಾತ್ರಿ ಬೇಕು. ಎಲ್ಲರಿಗೂ ಒಟ್ಟಿಗೆ ಕೆಟ್ಟಿದ್ದರೆ ಕೈಕಟ್ಟಿ ಕಾಯುವುದೇ ಲೇಸು.

ಡಿಎಲ್‌ಎನ್‌ಎ ಹಳೆಯ ತಲೆ, ಆದರೆ ಮೂರು ಪಾತ್ರಗಳನ್ನು ಚೆನ್ನಾಗಿ ಬೇರೆ ಮಾಡಿದೆ. ಫೈಲ್ ಇಟ್ಟುಕೊಂಡಿರುವ ಸರ್ವರ್, ತೋರಿಸುವ ಟಿವಿ, ಇಬ್ಬರಿಗೂ ಸಂಬಂಧ ಕಟ್ಟುವ ಮೊಬೈಲ್. ಮೊಬೈಲ್ ಸರ್ವರ್‌ನಿಂದ ಫೈಲ್‌ಗಳ ಪಟ್ಟಿ ಕೇಳಿ ಪಡೆಯುತ್ತದೆ. ನೀವು ಒಂದನ್ನು ಆರಿಸಿದಾಗ ಅದರ ವಿಳಾಸವನ್ನು ಟಿವಿಗೆ ಕೊಟ್ಟು ‘ಪ್ಲೇ’ ಅನ್ನುತ್ತದೆ. ಟಿವಿ ನೇರವಾಗಿ ಸರ್ವರ್‌ಗೆ ಹೋಗಿ, ವೆಬ್ ಪುಟ ತರುವ ಅದೇ ಎಚ್‌ಟಿಟಿಪಿಯಲ್ಲಿ ಫೈಲ್ ತರುತ್ತದೆ. ನೀವು ಮುಂದಕ್ಕೆ ಓಡಿಸಿದರೆ ‘ಇಷ್ಟನೇ ಬೈಟ್‌ನಿಂದ ಕೊಡು’ ಅಂತ ಕೇಳುತ್ತದೆ. ಇಂಟರ್ನೆಟ್ ಪೂರ್ತಿ ಕಡಿದುಹೋದರೂ ಇದು ನಡೆಯುತ್ತದೆ. ಡಿಎಲ್‌ಎನ್‌ಎ ಸಂಘಟನೆ 2003ರಲ್ಲಿ ಹುಟ್ಟಿ 2017ರಲ್ಲಿ ಮುಚ್ಚಿತು. ವಿಧಾನ ಮಾತ್ರ ಟಿವಿಗಳಲ್ಲಿ ಇನ್ನೂ ಬದುಕಿದೆ.

ಏರ್‌ಪ್ಲೇಯಲ್ಲಿ ಹಾಡಾದರೆ ಐಫೋನೇ ಸ್ಪೀಕರ್‌ಗೆ ಹರಿಸುತ್ತದೆ, ಹಾಗಾಗಿ ಫೋನ್ ಮನೆ ಬಿಟ್ಟರೆ ಹಾಡೂ ನಿಲ್ಲುತ್ತದೆ. 2018ರಲ್ಲಿ ಬಂದ ಏರ್‌ಪ್ಲೇ 2 ಹಲವು ಸ್ಪೀಕರ್‌ಗಳ ಗಡಿಯಾರ ಹೊಂದಿಸಿ ಒಟ್ಟಿಗೆ ನುಡಿಸುತ್ತದೆ.

ಇನ್ನು ಸ್ಕ್ರೀನ್ ಮಿರರಿಂಗ್. ಇದು ಬೇರೆಯೇ ಜಾತಿ. ಮೊಬೈಲ್ ತನ್ನ ಪರದೆಯನ್ನು ಕ್ಷಣಕ್ಷಣವೂ ವಿಡಿಯೋ ಮಾಡಿ ಕಳಿಸಬೇಕು. ಬಿಸಿಯಾಗುತ್ತದೆ, ಬ್ಯಾಟರಿ ಕರಗುತ್ತದೆ, ತಡವಾಗುತ್ತದೆ. ಮಿರರಿಂಗ್‌ನ ಒಂದು ಬಗೆಯಾದ ಮಿರಾಕಾಸ್ಟ್ ಆದರೆ ಸಾಮಾನ್ಯವಾಗಿ ರೌಟರನ್ನೂ ಬಳಸುವುದಿಲ್ಲ. ಮೊಬೈಲ್ ಮತ್ತು ಟಿವಿ ವೈಫೈ ಡೈರೆಕ್ಟ್ ಮೂಲಕ ನೇರ ಸೇರುತ್ತವೆ. ಆದ್ದರಿಂದ ಮಿರಾಕಾಸ್ಟ್ ತೊಂದರೆಗೆ ರೌಟರ್ ಸೆಟ್ಟಿಂಗ್ ತಿರುವಿ ಫಲವಿಲ್ಲ. ಫೋಟೋ ತೋರಿಸಲು, ಆಟ ಆಡಲು, ಕಾಸ್ಟ್ ಗುರುತೇ ಇಲ್ಲದ ಆಪ್‌ಗೆ ಮಿರರಿಂಗ್ ಸರಿ. ಸಿನಿಮಾ ನೋಡಲು ಬೇಡ.

ಕನೆಕ್ಟ್ ಆಗದಿದ್ದರೆ ಒಂದು ಸರಳ ಪರೀಕ್ಷೆ: ಕಂಪ್ಯೂಟರ್‌ನ ಕಮಾಂಡ್ ಕಿಟಕಿಯಲ್ಲಿ ಪಿಂಗ್ ಬರೆದು ಟಿವಿಯ ವಿಳಾಸ ಕೊಡಿ. ಉತ್ತರ ಬಂದರೆ ದಾರಿ ತೆರೆದಿದೆ. ಕೆಲವು ಡಿವೈಸ್‌ಗಳು ಪಿಂಗ್‌ಗೆ ಉತ್ತರಿಸುವುದೇ ಇಲ್ಲ, ಆದ್ದರಿಂದ ಉತ್ತರ ಬರದಿದ್ದ ಮಾತ್ರಕ್ಕೆ ಕೆಟ್ಟಿದೆ ಅಂತ ತೀರ್ಮಾನಿಸಬೇಡಿ. ಸರ್ವರ್‌ನ ವೆಬ್ ಪುಟವನ್ನು ಮೊಬೈಲ್ ಬ್ರೌಸರ್‌ನಲ್ಲಿ ತೆರೆದು ನೋಡುವುದು ಇನ್ನೂ ಒಳ್ಳೆಯ ಪರೀಕ್ಷೆ. ಜೆಲ್ಲಿಫಿನ್, ಪ್ಲೆಕ್ಸ್ ಅಂತ ಎರಡು ಮೀಡಿಯಾ ಸರ್ವರ್ ಸಾಫ್ಟ್‌ವೇರ್‌ಗಳಿವೆ. ಜೆಲ್ಲಿಫಿನ್ ಆದರೆ 192.168.1.20:8096 ಹೀಗೆ, ಪ್ಲೆಕ್ಸ್ ಆದರೆ ಪೋರ್ಟ್ 32400. ಪುಟ ತೆರೆದು ಆಪ್‌ನಲ್ಲಿ ಮಾತ್ರ ಕಾಣದಿದ್ದರೆ ಹುಡುಕಾಟ ಒಂದೇ ಕೆಟ್ಟಿದೆ. ಆಪ್‌ನಲ್ಲಿ ವಿಳಾಸವನ್ನು ಕೈಯಾರೆ ಬರೆದರೆ ಕೆಲಸ ಆಗುತ್ತದೆ.

ಹೆಜ್ಜೆ 6: ವಿಡಿಯೋ ನಿಂತು ನಿಂತು ಬಂದರೆ

ಇಲ್ಲಿ ಮೊದಲು ಕೇಳಬೇಕಾದ್ದು: ವಿಡಿಯೋ ಬರುತ್ತಿರುವುದು ಎಲ್ಲಿಂದ? ಇಂಟರ್ನೆಟ್‌ನಿಂದಾದರೆ 4ಕೆ ಚಿತ್ರಕ್ಕೆ ಸಾಮಾನ್ಯವಾಗಿ 15ರಿಂದ 25 ಎಂಬಿಪಿಎಸ್ (ಸೆಕೆಂಡಿಗೆ ಇಷ್ಟು ಮೆಗಾಬಿಟ್) ವೇಗ ಸಾಕು. ಮನೆಯ ಸರ್ವರ್‌ನಲ್ಲಿಟ್ಟ ಫೈಲ್ ಆದರೆ ಲೆಕ್ಕ ಬೇರೆ. ಬ್ಲೂ-ರೇ ಗುಣಮಟ್ಟದ ವಿಡಿಯೋ 40 ಎಂಬಿಪಿಎಸ್ ಮುಟ್ಟಬಹುದು. 4ಕೆ ಡಿಸ್ಕ್‌ನಲ್ಲಿ 100 ದಾಟುವ ಕ್ಷಣಗಳೂ ಉಂಟು.

ಈಗ ಒಂದು ಸೋಜಿಗ. ದುಬಾರಿ ಟಿವಿಗಳಲ್ಲೂ ಎಷ್ಟೋ ಸಲ ಲ್ಯಾನ್ ಪೋರ್ಟ್ 100 ಎಂಬಿಪಿಎಸ್‌ನದೇ ಇರುತ್ತದೆ. ಕೈಗೆ ಸಿಗುವುದು ಸುಮಾರು 94. ‘ಕೇಬಲ್ ಹಾಕಿದರೆ ಎಲ್ಲ ಸರಿ’ ಅಂತ ಹಾಕಿದವರಿಗೆ ದೊಡ್ಡ 4ಕೆ ಫೈಲ್ ಆಗಲೂ ತಡವರಿಸುವುದು ಇದರಿಂದ. ಅಂಥ ಟಿವಿಗೆ ರೌಟರ್ ಹತ್ತಿರ ಇದ್ದರೆ 5 ಗಿಗಾಹರ್ಟ್ಸ್ ವೈಫೈಯೇ ಕೇಬಲ್‌ಗಿಂತ ವೇಗ. ಟಿವಿಯ ವಿವರ ಪುಟದಲ್ಲಿ ಲ್ಯಾನ್ ವೇಗ ನೋಡಿಕೊಳ್ಳಿ.

ಎರಡು ಡಿವೈಸ್‌ಗಳೂ ವೈಫೈನಲ್ಲಿದ್ದರೆ ಒಂದೇ ವಿಡಿಯೋ ಗಾಳಿಯಲ್ಲಿ ಎರಡು ಸಲ ಪ್ರಯಾಣ ಮಾಡುತ್ತದೆ. ಸರ್ವರ್‌ನಿಂದ ರೌಟರ್‌ಗೆ ಒಂದು ಸಲ, ರೌಟರ್‌ನಿಂದ ಟಿವಿಗೆ ಇನ್ನೊಂದು ಸಲ. ಒಂದೇ ಬ್ಯಾಂಡ್ ಆದರೆ ಇರುವ ವೇಗ ಅಲ್ಲೇ ಅರ್ಧ. ಆದ್ದರಿಂದ ಮನೆಯಲ್ಲಿ ಒಂದೇ ಒಂದು ಕೇಬಲ್ ಎಳೆಯಲು ಸಾಧ್ಯ ಅಂದರೆ ಅದನ್ನು ಟಿವಿಗಲ್ಲ, ಸರ್ವರ್‌ಗೆ ಎಳೆಯಿರಿ. ನನ್ನ ಕೇಳಿದರೆ ಈ ಇಡೀ ಲೇಖನದಲ್ಲಿ ಇದಕ್ಕಿಂತ ಲಾಭದ ಸಲಹೆ ಇಲ್ಲ.

2.4 ಗಿಗಾಹರ್ಟ್ಸ್ ಬಿಟ್ಟು ಬೇರೆ ದಾರಿಯೇ ಇಲ್ಲದಿದ್ದರೆ ರೌಟರ್‌ನಲ್ಲಿ ಚಾನೆಲ್ 1, 6, 11 ಇವುಗಳಲ್ಲಿ ಯಾವುದು ಖಾಲಿಯೋ ಅದನ್ನು ಆರಿಸಿ. ಇವು ಮೂರು ಒಂದರ ಮೇಲೊಂದು ಬೀಳುವುದಿಲ್ಲ.

ಹೆಜ್ಜೆ 7: ಫೈಲ್ ಟಿವಿಗೆ ಅರ್ಥ ಆಗುತ್ತದೆಯಾ?

ಡಿಎಲ್‌ಎನ್‌ಎ ಸರ್ವರ್‌ಗಳಲ್ಲಿ ಬಹುಪಾಲು ಫೈಲನ್ನು ಇದ್ದ ಹಾಗೇ ಕೊಡುತ್ತವೆ. ಟಿವಿಗೆ ಆ ವಿಡಿಯೋ ಬಗೆ ಗೊತ್ತಿಲ್ಲದಿದ್ದರೆ ನಿಂತೇ ಹೋಯಿತು. ಚಿತ್ರ ಬಂದು ಧ್ವನಿ ಬರದಿದ್ದರೆ ಧ್ವನಿಯ ಬಗೆ ಹೊಂದಿಲ್ಲ. ಡಿಟಿಎಸ್ ಅನ್ನುವ ಬಗೆಯ ಧ್ವನಿ ಇದ್ದಾಗ ಹೀಗಾಗುವುದು ಮಾಮೂಲು. ಪ್ಲೆಕ್ಸ್, ಜೆಲ್ಲಿಫಿನ್ ಥರದವು ಟಿವಿಗೆ ಏನು ಬರುತ್ತದೆ ಅಂತ ತಿಳಿದು, ಬೇಕಾದರೆ ಓಡುತ್ತಿರುವಾಗಲೇ ಬೇರೆ ಬಗೆಗೆ ಬದಲಾಯಿಸಿ ಕೊಡುತ್ತವೆ. ಇದಕ್ಕೆ ಟ್ರಾನ್ಸ್‌ಕೋಡಿಂಗ್ ಅನ್ನುತ್ತಾರೆ. ಹಳೆಯ ಲ್ಯಾಪ್‌ಟಾಪನ್ನು ಸರ್ವರ್ ಮಾಡಿಕೊಂಡವರಿಗೆ ಅದರ ಫ್ಯಾನ್ ಜೋರಾಗಿ ಕೂಗಲು ಶುರುಮಾಡಿದಾಗ ಇದು ನಡೆಯುತ್ತಿದೆ ಅಂತ ಗೊತ್ತಾಗುತ್ತದೆ.

ಸಬ್‌ಟೈಟಲ್ ಕೂಡ ಇಲ್ಲಿ ಕಿಡಿಗೇಡಿ. ಚಿತ್ರರೂಪದ ಸಬ್‌ಟೈಟಲ್ ಆನ್ ಮಾಡಿದರೆ ಕೆಲವು ಟಿವಿಗಳಿಗಾಗಿ ಸರ್ವರ್ ಇಡೀ ವಿಡಿಯೋವನ್ನೇ ಮತ್ತೆ ಬೇಯಿಸಬೇಕಾಗುತ್ತದೆ. ತಡವರಿಸುವ ವಿಡಿಯೋ ಸಬ್‌ಟೈಟಲ್ ಆಫ್ ಮಾಡಿದ ಕೂಡಲೇ ಸರಾಗವಾದರೆ ನೆಟ್‌ವರ್ಕ್ ನಿರಪರಾಧಿ. ಸರ್ವರ್‌ನ ಡ್ಯಾಶ್‌ಬೋರ್ಡ್‌ನಲ್ಲಿ ‘ಡೈರೆಕ್ಟ್ ಪ್ಲೇ’ ಅಂತ ತೋರಿಸುತ್ತಿದೆಯಾ, ‘ಟ್ರಾನ್ಸ್‌ಕೋಡ್’ ಅಂತಲಾ ಅಂತ ನೋಡಿದರೆ ಖಾತ್ರಿ.

ಹೆಜ್ಜೆ 8: ಸರ್ವರ್‌ಗೆ ಕಾಯಂ ವಿಳಾಸ ಕೊಡಿ

ರೌಟರ್ ಪ್ರತಿ ಡಿವೈಸ್‌ಗೂ ವಿಳಾಸವನ್ನು ಬಾಡಿಗೆಗೆ ಕೊಡುತ್ತದೆ. ನಾಳೆ ಬೇರೆ ವಿಳಾಸ ಬರಬಹುದು. ಕೈಯಾರೆ ವಿಳಾಸ ಬರೆದಿಟ್ಟ ಆಪ್‌ಗಳು ಆಗ ಎಡವುತ್ತವೆ. ರೌಟರ್‌ನಲ್ಲಿ ‘ಡಿಎಚ್‌ಸಿಪಿ ರಿಸರ್ವೇಶನ್’ ಹುಡುಕಿ ಸರ್ವರ್‌ಗೆ ಒಂದು ವಿಳಾಸ ಮೀಸಲಿಡಿ. ಕೇಬಲ್‌ಗೂ ವೈಫೈಗೂ ಬೇರೆ ಬೇರೆ ಮ್ಯಾಕ್ ವಿಳಾಸ (ರೌಟರ್ ಡಿವೈಸನ್ನು ಗುರುತಿಸುವ ಗುರುತಿನ ಸಂಖ್ಯೆ) ಇರುವುದರಿಂದ ನೀವು ಬಳಸುವುದನ್ನೇ ನಮೂದಿಸಿ. ಮೊಬೈಲ್‌ಗಳಿಗೆ ಇದು ಬೇಡ. ಸರ್ವರ್ ಕಂಪ್ಯೂಟರ್ ನಿದ್ದೆಗೆ ಹೋಗದಂತೆ ಪವರ್ ಸೆಟ್ಟಿಂಗ್ಸನ್ನೂ ಒಮ್ಮೆ ನೋಡಿ.

ಹೆಜ್ಜೆ 9: ಬಾಗಿಲು ಹಾಕಿ

ಡಿಎಲ್‌ಎನ್‌ಎಗೆ ಸಾಮಾನ್ಯವಾಗಿ ಪಾಸ್‌ವರ್ಡ್ ಇಲ್ಲ. ನಿಮ್ಮ ವೈಫೈಗೆ ಸೇರಿದ ಯಾರಿಗಾದರೂ ಹಂಚಿದ ಫೋಲ್ಡರ್ ಪೂರ್ತಿ ಕಾಣುತ್ತದೆ. ಹಾಗಾಗಿ ಇಡೀ ಡ್ರೈವ್ ಹಂಚಬೇಡಿ, ಸಿನಿಮಾ ಮತ್ತು ಹಾಡುಗಳ ಫೋಲ್ಡರ್ ಮಾತ್ರ ಹಂಚಿ. ಬಂದುಹೋಗುವವರಿಗೆ ಗೆಸ್ಟ್ ವೈಫೈ ಕೊಡಿ.

ರೌಟರ್‌ನಲ್ಲಿರುವ ‘ಯುಪಿಎನ್‌ಪಿ’ ಗುಂಡಿಯ ಬಗ್ಗೆ ಗೊಂದಲ ಜಾಸ್ತಿ. ಡಿಎಲ್‌ಎನ್‌ಎ ಕೂಡ ಯುಪಿಎನ್‌ಪಿ ಮೇಲೆ ನಿಂತಿರುವುದರಿಂದ ಇದನ್ನು ಆಫ್ ಮಾಡಿದರೆ ಟಿವಿ ನಿಂತೀತು ಅಂತ ಭಯ. ನಿಲ್ಲುವುದಿಲ್ಲ. ಆ ಗುಂಡಿ ಸಾಮಾನ್ಯವಾಗಿ ಬೇರೆ ಕೆಲಸಕ್ಕೆ ಸೇರಿದ್ದು: ಒಳಗಿನ ಡಿವೈಸ್ ಕೇಳಿದರೆ ಇಂಟರ್ನೆಟ್ ಕಡೆಯಿಂದ ಪೋರ್ಟ್ ತೆರೆದುಕೊಡುವ ಕೆಲಸ. 2019ರ ಜನವರಿಯಲ್ಲಿ ಹೀಗೆ ಹೊರಗೆ ತೆರೆದುಕೊಂಡಿದ್ದ ಸಾವಿರಾರು ಕ್ರೋಮ್‌ಕಾಸ್ಟ್ ಮತ್ತು ಟಿವಿಗಳಲ್ಲಿ ಯಾರೋ ದೂರದಿಂದ ತಮ್ಮ ವಿಡಿಯೋ ಹಾಕಿ ಆಟ ಆಡಿದರು. ಗುಂಡಿ ಆಫ್ ಮಾಡಿ. ಆಟದ ಕನ್ಸೋಲ್ ಏನಾದರೂ ತಕರಾರು ತೆಗೆದರೆ ಆಗ ಯೋಚಿಸಿ.

ಹೊರಗಿದ್ದಾಗಲೂ ಮನೆಯ ಸಿನಿಮಾ ನೋಡಬೇಕು ಅಂದರೆ ಪೋರ್ಟ್ ತೆರೆಯುವ ಬದಲು ವೈರ್‌ಗಾರ್ಡ್ ಥರದ ವಿಪಿಎನ್ ಅನ್ನು ಮನೆಯಲ್ಲೇ ನಡೆಸಿ, ಅದರ ಮೂಲಕ ಒಳಗೆ ಬನ್ನಿ. ಅಲ್ಲಿ ಮಲ್ಟಿಕಾಸ್ಟ್ ದಾಟುವುದಿಲ್ಲ, ಆದ್ದರಿಂದ ಪಟ್ಟಿ ಖಾಲಿಯೇ ಇರುತ್ತದೆ. ಗಾಬರಿ ಬೇಡ. 8ನೇ ಹೆಜ್ಜೆಯಲ್ಲಿ ಮೀಸಲಿಟ್ಟ ವಿಳಾಸವನ್ನು ಆಪ್‌ನಲ್ಲಿ ಬರೆದರೆ ಸರ್ವರ್ ತೆರೆದುಕೊಳ್ಳುತ್ತದೆ.